ಹೊರದೇಶದಲ್ಲೊಂದು ಬಾಡಿಗೆ ಕೋಣೆ

ರಿಟೈರಾದ ಮೇಲೆ ಎಲ್ಲಿರುತ್ತೀಯ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಹಿಂದೂಪುರದ ನಮ್ಮ ಮನೆಯಲ್ಲಿ ಮಗ್ಗಗಳ ಹಿಂದೆ ಒಂದು ಕತ್ತಲು ಕೋಣೆ ಇತ್ತು. ಅದರಲ್ಲಿದ್ದ ನೂಲಿನ ಮೂಟೆಗಳನ್ನು ಅಟ್ಟಕ್ಕೆ ಹಾಕಿಸಿ, ಗೋಡೆಗೆ ಸುಣ್ಣ ಬಳಿಸಿ, "ನಿನ್ ರೂಮು ರೆಡಿ ಐತೆ ಕಣಕ್ಕ" ಎಂದು ನನ್ನ ತಮ್ಮ ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ. ಆ ಕೋಣೆಗೆ ಕಿಟಕಿ ಇರಲಿಲ್ಲ. ನನ್ನ ಸರ್ವೀಸು ಮುಗಿಯಲು ಇನ್ನೂ ಒಂದು ವರ್ಷವಿತ್ತು.

ಎಂಬತ್ತರ ದಶಕದ ಮಾತು ಇದು. ನಾನು ಕಲ್ಯಾಣದುರ್ಗದ ಹೈಸ್ಕೂಲಿನಲ್ಲಿ ಹಿಂದಿ ಟೀಚರು. ನಮ್ಮದು ನೇಯ್ಗೆಯ ಮನೆತನ. ಮದುವೆಯಾದ ವರ್ಷದೊಳಗೆ ಗಂಡ ಜ್ವರ ಬಂದು ತೀರಿಕೊಂಡ. ಅವನ ಮನೆಯವರು ನನ್ನನ್ನು ಟ್ರಂಕಿನ ಸಮೇತ ತೌರಿಗೆ ತಂದುಬಿಟ್ಟು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಪ್ಪ ಒಳ್ಳೆಯವನು, ಮಗ್ಗದ ಕೂಲಿಯಲ್ಲೇ ನನಗೆ ಹಿಂದಿ ಪರೀಕ್ಷೆಗಳನ್ನು ಕಟ್ಟಿಸಿದ. ನನಗಿಂತ ಮೊದಲೇ ಹಾಗೆ ತೌರಿಗೆ ವಾಪಸ್ಸಾದವಳು ಒಬ್ಬಳಿದ್ದಳು, ಅಪ್ಪನ ತಂಗಿ, ನನ್ನ ಸೋದರತ್ತೆ. ಅವಳು ಓದಲಿಲ್ಲ. ನಡುಮನೆಯ ಮೂಲೆಯಲ್ಲಿ ಕುಳಿತು ರಾಟೆಯಲ್ಲಿ ನೂಲು ಸುತ್ತುತ್ತಲೇ ಮುದುಕಿಯಾದಳು.

ಕಲ್ಯಾಣದುರ್ಗದಲ್ಲಿ ನನ್ನದು ಬಾಡಿಗೆ ಮನೆಯ ಮುಂಭಾಗದ ಒಂದು ಪಾಲು. ಹಿಂಭಾಗದಲ್ಲಿ ಮಾಲೀಕರು. ನಾನು ಎಷ್ಟು ನೀರು ಸೇದಿದೆ, ಯಾರ ಜೊತೆ ಮಾತಾಡಿದೆ, ದೀಪ ಯಾವಾಗ ಆರಿಸಿದೆ ಎಲ್ಲ ಅವರಿಗೆ ಬೇಕು. ಕಡಲೆಕಾಯಿ ಮಿಲ್ಲಿನ ಧೂಳು ಬಾಗಿಲು ಹಾಕಿದರೂ ಒಳಗೆ ಬರುತ್ತಿತ್ತು, ಅವರೂ ಹಾಗೇ ಬರುತ್ತಿದ್ದರು. ಶನಿವಾರ ಸ್ಕೂಲು ಬಿಟ್ಟ ಕೂಡಲೇ ಪಾವಗಡದ ಮೇಲೆ ಹೋಗುವ ಬಸ್ಸು ಹಿಡಿದು ಹಿಂದೂಪುರಕ್ಕೆ ಬರಬೇಕು. ಭಾನುವಾರವೆಲ್ಲ ತಮ್ಮನ ಮಕ್ಕಳ ತಲೆಗೆ ಎಣ್ಣೆ, ಹಿಟ್ಟಿನ ಗಿರಣಿ, ಹಾಸಿಗೆ ಒಗೆಯುವುದು. ವಾರವಿಡೀ ಸಂಬಳಕ್ಕೆ ದುಡಿದವಳು ಒಂದು ದಿನ ಪುಕ್ಕಟೆ ದುಡಿದು ಸೋಮವಾರ ಬೆಳಗಿನ ಬಸ್ಸಿಗೆ ಓಡುತ್ತಿದ್ದೆ. ನನ್ನ ಸರ್ವೀಸು ಪೂರ್ತಿ ಹೀಗೇ ಕಳೆಯಿತು.

ಆ ಕೊನೆಯ ವರ್ಷದ ಬೇಸಿಗೆ ರಜೆಯಲ್ಲಿ ಸ್ಟಾಫಿನ ಕೆಲವರು ಸೇರಿ ಕಾಶಿ, ಗಯೆ, ಪಶುಪತಿನಾಥ ಎಂದು ಟೂರಿಸ್ಟ್ ಬಸ್ಸು ಹತ್ತಿದೆವು. ನೇಪಾಳದ ಪೋಖರಾ ಎಂಬ ಊರಿನಲ್ಲಿ ಬಸ್ಸಿನ ಗೇರ್‌ಬಾಕ್ಸು ಕೆಟ್ಟಿತು. ಸಾಮಾನು ಗೋರಖಪುರದಿಂದ ಬರಬೇಕಂತೆ. ಟೂರಿನವರು ನಮ್ಮನ್ನು ಒಬ್ಬಿಬ್ಬರಂತೆ ಅಲ್ಲಿನ ಮನೆಗಳಲ್ಲಿ ಹಂಚಿ ಹಾಕಿದರು. ನನ್ನೊಬ್ಬಳ ಪಾಲಿಗೆ ಬಂದದ್ದು ಒಬ್ಬ ವಿಧವೆಯ ಮನೆಯ ಮಹಡಿ ಕೋಣೆ. ಅವಳ ಗಂಡ ನಮ್ಮ ದೇಶದ ಸೈನ್ಯದ ಪಟಾಲಮಿನಲ್ಲಿ ಸಿಪಾಯಿಯಾಗಿದ್ದವನು, ಅವನ ಪಿಂಚಣಿ ಅವಳಿಗೆ ಅಲ್ಲಿಗೇ ಬರುತ್ತಿತ್ತು.

ಎಲ್ಲರೂ ಹಿಮದ ಬೆಟ್ಟ ನೋಡಿ ಕೈಮುಗಿದರು. ನಾನೂ ಮುಗಿದೆ. ಆದರೆ ನನ್ನ ಮನಸ್ಸು ಹೋದದ್ದು ಆ ಕೋಣೆಯ ಬಾಗಿಲಿನ ಚಿಲಕದ ಮೇಲೆ. ಒಳಗಿನಿಂದ ಹಾಕಿಕೊಳ್ಳುವ ಗಟ್ಟಿ ಚಿಲಕ. ಹಾಕಿಕೊಂಡು ಮಂಚದ ಮೇಲೆ ಕೂತೆ. ಯಾರೂ ಬಾಗಿಲು ತಟ್ಟಲಿಲ್ಲ, ಯಾರೂ "ಅಕ್ಕಾ" ಎಂದು ಕೂಗಲಿಲ್ಲ. ನನಗೆ ಅಳು ಬಂತು, ಯಾಕೆಂದು ಆಗ ಗೊತ್ತಾಗಲಿಲ್ಲ.

ಸಂಜೆ ಆ ಹೆಂಗಸು ಊಟಕ್ಕೆ ಕರೆದಳು. ತಟ್ಟೆಯಲ್ಲಿ ಕಪ್ಪಗೆ ಹೊಳೆಯುವ ರಾಗಿ ಮುದ್ದೆ! ಅವರ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರು, ಕೈಗೆ ಸ್ವಲ್ಪ ಮೆತ್ತಗೆ, ಆದರೆ ಮುದ್ದೆಯೇ. ಗಂಡನ ಪಟಾಲಮಿನ ಜೊತೆ ತಿರುಗಿ ಕಲಿತ ಹಿಂದಿಯಲ್ಲಿ ಅವಳು ನನ್ನೊಡನೆ ಮಾತಾಡಿದಳು. ಮನೆಯ ಕಥೆ, ಕಾಲುನೋವು, ಸೊಸೆಯ ಮೇಲಿನ ದೂರು. ಕಲ್ಯಾಣದುರ್ಗದಲ್ಲಿ ನನ್ನ ಹಿಂದಿಗೆ ಯಾರು ಬೆಲೆ ಕೊಟ್ಟಿದ್ದರು? ಉಳಿದ ವಿಷಯಗಳಿಗಿಂತ ಕಡಿಮೆ ಅಂಕ ಬಂದರೂ ಪಾಸಾಗುವ ವಿಷಯ ಅದು, ಹುಡುಗರು ಆ ಪೀರಿಯಡ್ಡಿನಲ್ಲಿ ಲೆಕ್ಕದ ಹೋಂವರ್ಕ್ ಮಾಡುತ್ತಿದ್ದರು. ಜೀವನವಿಡೀ ಕಪ್ಪುಹಲಗೆಯ ಮೇಲೆ ಬರೆದ ಭಾಷೆಯಲ್ಲಿ ಒಬ್ಬರು ನನ್ನನ್ನು ಇನ್ನೊಂದು ತುತ್ತು ಹಾಕಲೇ ಎಂದು ಕೇಳಿದ್ದು ಅದೇ ಮೊದಲು. ಹೊರಡುವ ದಿನ ಅವಳೇ ಹೇಳಿದಳು, ರಿಟೈರಾದ ಮೇಲೆ ನೀನು ಬರುವುದಾದರೆ ಈ ಕೋಣೆ ಬೇರೆಯವರಿಗೆ ಕೊಡುವುದಿಲ್ಲ, ಮುಂದಿನ ವರ್ಷದ ದಸರೆಯವರೆಗೂ ಕಾಯುತ್ತೇನೆ.

ಕಲ್ಯಾಣದುರ್ಗಕ್ಕೆ ಬಂದವಳೇ ಲೆಕ್ಕಕ್ಕೆ ಕೂತೆ. ನೇಪಾಳಕ್ಕೆ ಪಾಸ್‌ಪೋರ್ಟು ಬೇಡ, ವೀಸಾ ಬೇಡ, ನಮ್ಮ ರೂಪಾಯಿ ಅಲ್ಲಿ ನಡೆಯುತ್ತದೆ, ಅಲ್ಲಿಯದಕ್ಕಿಂತ ಅದಕ್ಕೆ ಬೆಲೆಯೂ ಹೆಚ್ಚು. ಬಾಡಿಗೆ ಕಲ್ಯಾಣದುರ್ಗದಷ್ಟೇ. ಅಕ್ಕಿ, ರಾಗಿ, ಆಲೂಗೆಡ್ಡೆ ಅಗ್ಗ. ಬಟ್ಟೆ ಸೋಪು, ಸೀಮೆಎಣ್ಣೆ ತುಟ್ಟಿ. ಅಲ್ಲಿನ ಸಾಸಿವೆ ಎಣ್ಣೆಯ ವಾಸನೆಗೆ ನನಗೆ ತಲೆ ತಿರುಗುತ್ತಿತ್ತು, ಹಾಗಾಗಿ ಕಡಲೆಕಾಯಿ ಎಣ್ಣೆಯ ಡಬ್ಬ ಇಲ್ಲಿಂದಲೇ ಹೊರಬೇಕು. ರಾಜ್ಯ ಸರಕಾರದ ಪಿಂಚಣಿ ಅಲ್ಲಿಗೆ ಬರುವುದಿಲ್ಲ, ಇಲ್ಲಿನ ಬ್ಯಾಂಕಿನಿಂದ ಡ್ರಾಫ್ಟು ತರಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಬದುಕಿದ್ದೇನೆಂದು ಟ್ರೆಜರಿಗೆ ಬಂದು ಮುಖ ತೋರಿಸಬೇಕು. ಬರೋಣ, ಅಲ್ಲಿ ಚಳಿ ಹೆಚ್ಚುವ ಹೊತ್ತಿಗೆ ಇಲ್ಲಿ ಒಂದು ತಿಂಗಳು ಇದ್ದು ಹೋದರಾಯಿತು. ದೊಡ್ಡ ಕಾಯಿಲೆ ಬಂದರೆ ಗೋರಖಪುರಕ್ಕೆ ಬಸ್ಸಿದೆ. ಎಲ್ಲ ಕೂಡಿಸಿ ಕಳೆದರೂ ಪಿಂಚಣಿಯಲ್ಲಿ ಸ್ವಲ್ಪ ಮಿಗುತ್ತಿತ್ತು. ಎಷ್ಟು ಸಲ ಲೆಕ್ಕ ಹಾಕಿದರೂ ಮಿಗುತ್ತಿತ್ತು.

ಸ್ಟಾಫ್ ರೂಮಿನಲ್ಲಿ ನಗಾಡಿದರು. "ಫಾರಿನ್ ರಿಟರ್ನ್ಡ್ ಹಿಂದಿ ಟೀಚರಮ್ಮ" ಎಂದರು. ನಗಲಿ ಎಂದುಕೊಂಡೆ. ನಾನು ಎರಡು ಸ್ವೆಟರು ಹೆಣೆದುಕೊಂಡು, ಒಂದು ದಪ್ಪ ರಗ್ಗು ಕೊಂಡುಕೊಂಡೆ. ಕಲ್ಯಾಣದುರ್ಗದ ಬಿಸಿಲಲ್ಲಿ ಸ್ವೆಟರು ಹೆಣೆಯುವವಳನ್ನು ನೋಡಿ ಮಾಲೀಕರ ಹೆಂಡತಿ, "ಪಿಚ್ಚಿ ಪಟ್ಟಿಂದಾ ಏಮಿ?" ಎಂದು ತೆಲುಗಿನಲ್ಲಿ ಬಾಯಿಬಿಟ್ಟೇ ಕೇಳಿದಳು. ಹೌದಮ್ಮ, ಹುಚ್ಚು ಹಿಡಿದಿದೆ ಎಂದೆ.

ರಿಟೈರ್ಮೆಂಟಿಗೆ ಎರಡು ತಿಂಗಳಿರುವಾಗ ಹಿಂದೂಪುರದಲ್ಲಿ ತಮ್ಮನಿಗೆ ವಿಷಯ ಹೇಳಿದೆ. ಅವನು ಮಗ್ಗದಲ್ಲಿ ಕೂತಿದ್ದ, ಎದ್ದು ಬರಲಿಲ್ಲ. ನಮ್ಮದು ಕುಣಿ ಮಗ್ಗ, ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಸಿ ಕೂತು ನೇಯುವುದು.

"ಅದೇನಕ್ಕ ನಿಂಗೆ ಬಂದಿರಾದು? ಇಲ್ಲೇನ್ ಕಮ್ಮಿ ಆಗೈತೆ?"

"ಕಿಟಕಿ."

"ಕಿಟಕಿ ಇಕ್ಕಿಸ್ತೀನಿ ಬುಡು. ಅಲ್ಲಿ ಚಳೀಗೆ ಸತ್ತೋಯ್ತೀಯ."

ಸ್ವೆಟರು ತೋರಿಸಿದೆ. ಊಟಕ್ಕೇನು ಮಾಡ್ತೀಯ ಎಂದ. ಅವರದೂ ಮುದ್ದೆ ಕಣೋ ಎಂದೆ, ನಂಬಲಿಲ್ಲ. ಮಾತಿಗೆ ಹಿಂದಿ ಇದೆ, ಹಣಕ್ಕೆ ಡ್ರಾಫ್ಟು ಇದೆ, ಕಾಯಿಲೆಗೆ ಬಸ್ಸಿದೆ. ಅವನು ಕೇಳಿದ್ದಕ್ಕೆಲ್ಲ ನನ್ನ ಬಳಿ ಉತ್ತರವಿತ್ತು, ಅದೇ ಅವನಿಗೆ ಮೈ ಉರಿಸಿತು. ಮೂಲೆಯಲ್ಲಿ ರಾಟೆ ತಿರುಗಿಸುತ್ತಿದ್ದ ಸೋದರತ್ತೆ ತಲೆ ಎತ್ತದೆ, "ಹೋಗ್ಲಿ ಬುಡಪ್ಪ ಅವ್ಳು. ನಾವ್ಯಾರಾನ ಕಂಡಿದ್ದೀವಾ ಆ ಊರ್ನೆಲ್ಲ" ಎಂದಳು. ಆ ಮನೆಯಲ್ಲಿ ನನ್ನ ಪರವಾಗಿ ಬಂದ ಮಾತು ಅದೊಂದೇ.

ಆಗ ತಮ್ಮ ಲಾಳಿ ಕೆಳಗಿಟ್ಟ. ಸ್ವರ ಇಳಿಸಿ ಕೇಳಿದ: "ಅಲ್ಲಿ ಸುಡ್ತಾರೆ ಕಣಕ್ಕ. ಗೊತ್ತಾ ನಿಂಗೆ?"

ನನಗೆ ಗೊತ್ತಿತ್ತು. ನಮ್ಮ ಕುಲದಲ್ಲಿ ಹೆಣ ಸುಡುವುದಿಲ್ಲ, ಹೂಳುತ್ತಾರೆ. ಊರಾಚೆ ನಮ್ಮದೇ ನೆಲವಿದೆ, ಮನೆಮನೆಗೊಂದು ಸಾಲು. ಹೂಳುವಾಗ ಮನೆಯ ಮಗ್ಗದ ಕುಣಿಯಿಂದ ಹಿಡಿ ಮಣ್ಣು ತಂದು ಮೊದಲು ಹಾಕುತ್ತಾರೆ. ಬದುಕಿದ್ದಾಗ ಸೊಂಟದವರೆಗೆ ಕುಣಿಯಲ್ಲಿರುತ್ತೇವೆ, ಸತ್ತಮೇಲೆ ಪೂರ್ತಿ ಇಳಿಯುತ್ತೇವೆ, ಅಷ್ಟೇ ವ್ಯತ್ಯಾಸ ಎಂದು ಅಪ್ಪ ನಗುತ್ತಿದ್ದ. ಸುಡುವುದೆಂದರೆ ನಮ್ಮವರಿಗೆ ಅನಾಥ ಹೆಣದ ಗತಿ, ಮಕ್ಕಳನ್ನು ಹೆದರಿಸಲು ಹೇಳುವ ಮಾತು. ಕಾಠ್ಮಂಡುವಿನ ಹೊಳೆಯ ದಂಡೆಯಲ್ಲಿ ಸಾಲು ಚಿತೆಗಳನ್ನು ನೋಡಿದ್ದೆ. ಒಂದರ ಸೌದೆಯ ಹೊರಗೆ ಎರಡು ಪಾದ ಚಾಚಿಕೊಂಡಿದ್ದವು, ಒಬ್ಬ ಗಳದಿಂದ ಅವನ್ನು ಒಳಕ್ಕೆ ತಳ್ಳಿದ. ಅಂದು ನಾನು ಊಟ ಮಾಡಿರಲಿಲ್ಲ. ಬಾಡಿಗೆಗೆ, ಸೀಮೆಎಣ್ಣೆಗೆ, ಚಳಿಗೆ ಉತ್ತರ ಹುಡುಕಿದವಳು ಇದೊಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳದೆ ಪಕ್ಕಕ್ಕೆ ಸರಿಸಿಟ್ಟಿದ್ದೆ.

"ಇಲ್ಲಿದ್ರೆ ಅಮ್ಮನ ಪಕ್ಕದಾಗೇ ಜಾಗ ಐತೆ ನಿಂಗೆ" ಎಂದ ತಮ್ಮ. "ಅಲ್ಲಿ ಯಾರ್ ತತ್ತಾರೆ ಹಿಡಿ ಮಣ್ಣ?"

ಅಮ್ಮ ಹೋದಾಗ ನನಗೆ ಸಿಗಬೇಕಾದ ರಜೆ ಸಿಕ್ಕಿರಲಿಲ್ಲ, ಮುಖ ನೋಡಲೂ ಆಗಿರಲಿಲ್ಲ. ಅದು ಅವನಿಗೆ ಗೊತ್ತು. ಎಲ್ಲಿ ಒತ್ತಿದರೆ ನೋಯುತ್ತದೆಂದು ಒಡಹುಟ್ಟಿದವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಒಂದು ವಾರ ಒದ್ದಾಡಿ ಪೋಖರಾಕ್ಕೆ ಕಾಗದ ಬರೆದೆ, ಕಾಯಬೇಡ ಎಂದು. ಅವಳಿಂದ ಉತ್ತರ ಬರಲಿಲ್ಲ. ಸ್ವೆಟರುಗಳನ್ನು ತಮ್ಮನ ಹೆಂಡತಿ ತನ್ನ ಮಕ್ಕಳಿಗೆ ಬಿಚ್ಚಿ ಹೆಣೆದಳು.

ಆಮೇಲಿನ ವರ್ಷಗಳನ್ನು ಏನೆಂದು ಹೇಳಲಿ? ಕಿಟಕಿ ಇಡಿಸಲಿಲ್ಲ. ಪಕ್ಕದ ಮನೆಯವರದು ಗೋಡೆಗೆ ಗೋಡೆ, ಎಲ್ಲಿಡಿಸಲಿ ಎಂದ ತಮ್ಮ. ತೊಂಬತ್ತರ ದಶಕ ಬರುವ ಹೊತ್ತಿಗೆ ಕುಣಿಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ಮುಚ್ಚಿ ಪವರ್‌ಲೂಮು ಹಾಕಿದ. ಅದರ ಸದ್ದಿಗೆ ನನ್ನ ಮಂಚ ಅದುರುತ್ತಿತ್ತು. ಪಿಂಚಣಿ ಬರುವ ವಾರ ಮನೆಯವರೆಲ್ಲರ ಬಾಯಲ್ಲಿ ಸಕ್ಕರೆ, ತಿಂಗಳ ಕೊನೆಗೆ ನಾನು ದಾರಿಗೆ ಅಡ್ಡ ಇಟ್ಟ ಮೂಟೆ. ಹೊಟ್ಟೆಗೆ ಹಾಕಲಿಲ್ಲ ಎಂದು ಹೇಳಿದರೆ ನಾಲಿಗೆ ಬಿದ್ದುಹೋದೀತು, ಹೊಟ್ಟೆಗೆ ಹಾಕಿದರು. ಆದರೆ ಒಂದು ದಿನವೂ ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬಿಡಲಿಲ್ಲ. ವಯಸ್ಸಾದವಳು, ಒಳಗೇ ಏನಾದರೂ ಆಗಿಬಿಟ್ಟರೆ ಎಂದು ತಮ್ಮ ಚಿಲಕವನ್ನೇ ತೆಗೆಸಿದ್ದ. ಎಷ್ಟೋ ಮಧ್ಯಾಹ್ನ ಮಲಗಿ ಆ ಮಹಡಿ ಕೋಣೆಯಲ್ಲಿ ಈಗ ಯಾರಿದ್ದಾರೋ ಎಂದು ಯೋಚಿಸುತ್ತಿದ್ದೆ. ಆಗೆಲ್ಲ ಅಮ್ಮನ ಪಕ್ಕದ ಜಾಗವನ್ನು ನೆನೆದು ಸಮಾಧಾನ ತಂದುಕೊಳ್ಳುತ್ತಿದ್ದೆ.

ಒಂದು ಮಾಘ ಮಾಸದಲ್ಲಿ ಸೋದರತ್ತೆ ತೀರಿಕೊಂಡಳು. ನಮ್ಮಲ್ಲಿ ಹೂಳುವ ದಿನ ಹೆಂಗಸರು ಹೋಗುವಂತಿಲ್ಲ, ಮೂರನೆಯ ದಿನ ಹಾಲುತುಪ್ಪಕ್ಕೆ ಹೋಗುತ್ತೇವೆ. ಹಾಲಿನ ಚೊಂಬು ನನ್ನ ಕೈಯಲ್ಲಿತ್ತು. ನಾನು ಅಪ್ಪ, ಅಮ್ಮ ಇರುವ ನಮ್ಮ ಸಾಲಿನ ಕಡೆ ನಡೆದೆ. ಅಲ್ಲಿ ಹೊಸ ಮಣ್ಣು ಕಾಣಲಿಲ್ಲ. ತಿರುಗಿ ನೋಡಿದರೆ ಎಲ್ಲರೂ ಎದುರು ದಿಕ್ಕಿಗೆ, ಜಾಲಿ ಬೆಳೆದ ಬೇಲಿಯ ಮಗ್ಗುಲಿಗೆ ಹೋಗುತ್ತಿದ್ದರು. ಸೋದರತ್ತೆಯನ್ನು ಅಲ್ಲಿ, ಒಂಟಿಯಾಗಿ ಮಲಗಿಸಿದ್ದರು.

"ಇಲ್ಲ್ಯಾಕ್ ಹಾಕಿದ್ರಿ?" ಎಂದು ತಮ್ಮನನ್ನು ಕೇಳಿದೆ.

"ಬ್ಯಾರೆ ಮನೆಗೆ ಕೊಟ್ಟ ಹೆಂಗಸ್ರನ್ನ ನಮ್ ಸಾಲ್ನಾಗೆ ಹಾಕಾಂಗಿಲ್ಲ ಕಣಕ್ಕ. ಗಂಡನ್ ಸಾಲಿಗೆ ಸೇರ್ಬೇಕು. ಅವ್ರು ಒಪ್ಪಲ್ಲ ಅಂದ್ರೆ ಬೇಲಿ ತಾವ. ಮೊದ್ಲಿಂದ್ಲೂ ಹಂಗೇಯ."

"ಕುಣಿ ಮಣ್ಣು ಹಾಕಿದ್ರಾ?"

ಅವನು ಬಗ್ಗಿ ಪಂಚೆಗೆ ಹತ್ತಿದ ಜಾಲಿ ಮುಳ್ಳು ಕಿತ್ತುಕೊಂಡ. ಹಾಕಿರಲಿಲ್ಲ. ಆ ಮನೆಯ ಪ್ರತಿ ಸೀರೆಯ ನೂಲನ್ನೂ ಸುತ್ತಿದವಳಿಗೆ ಒಂದು ಹಿಡಿ ಮಣ್ಣು ಹಾಕಿರಲಿಲ್ಲ.

"ಹಂಗಾದ್ರೆ ನಾನು?"

"ನೀನೂ ಅತ್ತೆ ಪಕ್ಕದಾಗೇ. ಜಾಗ ಐತೆ ನೋಡು" ಎಂದು ಬೇಲಿಯ ಕಡೆ ಕೈ ತೋರಿಸಿದ.

"ಅವತ್ತು ಅಮ್ಮನ ಪಕ್ಕದಾಗೆ ಅಂದ್ಯಲ್ಲೋ. ಈ ಪದ್ಧತಿ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಹೇಳಿದ್ರೆ ನೀನು ಹೊಂಟೋಯ್ತಿದ್ದೆ."

ನಾಚಿಕೆಯಿಲ್ಲದೆ ಹೇಳಿದ. ನನ್ನನ್ನು ಉಳಿಸಿಕೊಂಡದ್ದು ಒಳ್ಳೆಯ ಕೆಲಸವೆಂದೇ ಅವನು ಇವತ್ತಿಗೂ ತಿಳಿದಿದ್ದಾನೆ. ನನಗೆ ಬಂದ ಸಿಟ್ಟಿಗೆ ಚೊಂಬಿನ ಹಾಲು ಅವನ ಮುಖಕ್ಕೆ ಎರಚಬೇಕೆನಿಸಿತು. ಸೋದರತ್ತೆಯ ಹಾಲು ಅದು, ಬಗ್ಗಿ ಅವಳ ಮಣ್ಣಿಗೇ ಹುಯ್ದೆ. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ:

"ನಾನ್ ಸತ್ರೆ ನನ್ನ ಹೂಳ್ಬ್ಯಾಡ. ಸುಟ್ಬುಡು."

ಹೆಂಗಸರು ಬಾಯಿಗೆ ಸೆರಗು ಹಿಡಿದರು. ತಮ್ಮನ ಹೆಂಡತಿ "ಅಯ್ಯೋ ರಾಮ" ಎಂದಳು. ತಮ್ಮ ನನ್ನನ್ನೇ ನೋಡಿದ. ಅಳುತ್ತಾನೇನೋ, ತಪ್ಪಾಯಿತು ಎನ್ನುತ್ತಾನೇನೋ ಎಂದು ಕಾದೆ.

"ಅದುಕ್ಕೆ ಸೌದೆ ಖರ್ಚು ಎಷ್ಟಾಯ್ತದೆ ಗೊತ್ತಾ ನಿಂಗೆ?" ಎಂದ.