ಬಾಯಿ ಮುಚ್ಚದ ಫೋಟೊ

ಅಕ್ಕನಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಹಾಗಂತ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವ ಪೈಕಿಯಲ್ಲ ಅವಳು. ದವಡೆಯಲ್ಲಿ ಎಲೆಅಡಿಕೆ, ಕೈಯಲ್ಲಿ ಜಾಲರಿ ಸೌಟು, ಎದುರಿಗೆ ಕಾದ ಎಣ್ಣೆ. ಸಂಜೆಯಾದರೆ ಜಗಳೂರು ಬಸ್‌ಸ್ಟ್ಯಾಂಡಿನ ಪಕ್ಕ ಅವಳ ಮಂಡಕ್ಕಿ ಮೆಣಸಿನಕಾಯಿ ಗಾಡಿ ಬರುತ್ತಿತ್ತು. ಗಾಡಿಗಿಂತ ಮೊದಲು ಅವಳ ದನಿ ಬರುತ್ತಿತ್ತು.

ಅಕ್ಕ ಎಂದು ಕರೆಯುತ್ತಿದ್ದೆನಷ್ಟೇ, ಬಂಧುವೇನಲ್ಲ. ಅವಳ ಗಾಡಿಯ ಹಿಂದಿನ ಮಳಿಗೆಯಲ್ಲಿ ನನ್ನ ಫೋಟೊ ಸ್ಟುಡಿಯೊ. ಹೆಂಗಸು ಸ್ಟುಡಿಯೊ ಇಡುವುದೆಂದರೇನು ಎಂದು ಊರೆಲ್ಲ ಮೂಗು ಮುರಿಯುತ್ತಿದ್ದಾಗ ಮೊದಲು ಒಳಗೆ ಬಂದು ಕೂತವಳು ಅವಳೇ. ಫೋಟೊ ತೆಗೆಸಿಕೊಳ್ಳಲು ಅಲ್ಲ, ಫ್ಯಾನಿನ ಗಾಳಿಗೆ. ಗಿರಾಕಿ ಯಾರಾದರೂ ಖಾರ ಜಾಸ್ತಿಯಾಯಿತೆಂದರೆ, "ಬಾಳೆಹಣ್ಣಿನ ಗಾಡಿ ಆ ಕಡಿಗೈತೆ, ಹೋಗ್ರಿ" ಎಂದುಬಿಡುತ್ತಿದ್ದಳು. ಅವಳ ಅಣ್ಣನಿಗೆ ಈ ಬಾಯಿಯದೇ ತಲೆನೋವು. ಮನೆತನದ ಹೆಣ್ಣುಮಗಳು ಬೀದಿಯಲ್ಲಿ ಹೀಗೆ ಕೂಗಬಾರದೆಂದು ಬಂದಾಗಲೆಲ್ಲ ಬುದ್ಧಿ ಹೇಳುತ್ತಿದ್ದ. ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಸಾಕಿದ್ದು ಇದೇ ಬಾಯಿ ಎಂದು ಇನ್ನೂ ಜೋರಾಗಿ ಹೇಳಿ ಅವನನ್ನು ಕಳಿಸುತ್ತಿದ್ದಳು.

ಮದುವೆ ಆಲ್ಬಮ್ಮುಗಳಲ್ಲಿ ಕಂಡವರ ಮುಖವನ್ನೆಲ್ಲ ಬೆಳ್ಳಗೆ ಮಾಡಿ ಮಾಡಿ ನನಗೆ ವಾಕರಿಕೆ ಬಂದಿತ್ತು. ಒಂದು ರಾತ್ರಿ, ಕೊನೆಯ ಬಸ್ಸಿಗೆ ಕಾಯುವವರ ಮುಖಗಳನ್ನು ಇದ್ದ ಹಾಗೇ ಹಿಡಿಯೋಣವೆಂದು ಕ್ಯಾಮೆರಾ ತೆಗೆದುಕೊಂಡು ಹೊರಗೆ ನಿಂತೆ. ಅಲ್ಲಿದ್ದ ಗಂಡಸೊಬ್ಬ ಹತ್ತಿರ ಬಂದ. ಈ ಹೊತ್ತಿನಲ್ಲಿ ಹೆಂಗಸಿಗೆ ಇಲ್ಲೇನು ಕೆಲಸ ಎನ್ನುತ್ತ ಲೆನ್ಸಿಗೆ ಕೈ ಅಡ್ಡ ಇಟ್ಟ. ನಾನು ಕ್ಯಾಮೆರಾ ಇಳಿಸಲು ಹೊರಟೆ. ಬೆನ್ನ ಹಿಂದಿನಿಂದ ಅಕ್ಕನ ದನಿ ಬಂತು.

"ಕೈ ತೆಗಿಯಲೇ. ಬಸ್‌ಸ್ಟ್ಯಾಂಡೇನು ನಿಮ್ಮಪ್ಪ ಕಟ್ಟಿಸಿದ್ದಾ? ಅವಳ ಕೆಲಸ ಮಾಡಾಕೆ ಅವಳು ಬಂದಾಳೆ."

ಅವನು ಕೈ ತೆಗೆದ. ನಾನು ಹಿಂದೆ ತಿರುಗಿದೆ. ಅಕ್ಕ ಸೌಟು ಎತ್ತಿ ಹಿಡಿದು ಇನ್ನೂ ಬೈಯುತ್ತಲೇ ಇದ್ದಳು. ಬೆಳಕು ಸಾಲುತ್ತದೋ ಇಲ್ಲವೋ ನೋಡಲಿಲ್ಲ, ಒತ್ತಿಬಿಟ್ಟೆ.

ಕಂಪ್ಯೂಟರಿನಲ್ಲಿ ತೆರೆದಾಗ ನೀಲಿ ಟಾರ್ಪಾಲು, ಪಕ್ಕದ ಅಂಗಡಿಯ ಕೆಂಪು ಬೋರ್ಡು ಎಲ್ಲ ನಾ ಮುಂದು ತಾ ಮುಂದು ಎಂದು ಕಣ್ಣಿಗೆ ಹೊಡೆಯುತ್ತಿದ್ದವು. ಬಣ್ಣ ತೆಗೆದೆ. ಕಪ್ಪು ಬಿಳುಪಾದ ಕೂಡಲೇ ಅವೆಲ್ಲ ಹಿಂದೆ ಸರಿದು ಅವಳ ಮುಖ ಮುಂದೆ ಬಂತು. ಹಿಂದಿನ ಕತ್ತಲನ್ನು ಇನ್ನಷ್ಟು ಗಾಢ ಮಾಡಿದೆ, ಎಣ್ಣೆಯ ಹೊಗೆಗೆ ತುಸು ಬೆಳಕು ಕೊಟ್ಟೆ. ಮುಖಕ್ಕೆ ಮಾತ್ರ ಕೈ ಹಚ್ಚಲಿಲ್ಲ. ಬೆವರು, ಸುಕ್ಕು, ಹಲ್ಲಿಲ್ಲದ ಸಂದು, ಪೂರ್ತಿ ತೆರೆದ ಬಾಯಿ ಎಲ್ಲ ಇದ್ದ ಹಾಗೇ ಇದ್ದವು.

ಪ್ರಿಂಟು ನೋಡಿ ಅಕ್ಕ ಮೊದಲು ಹುಬ್ಬು ಗಂಟು ಹಾಕಿದಳು. ಬಣ್ಣ ಇಲ್ಲದ್ದು ಸತ್ತವರ ಫೋಟೊ, ಬದುಕಿರುವಾಗಲೇ ನನ್ನನ್ನು ಗೋಡೆಗೆ ಏರಿಸುತ್ತೀಯಾ ಎಂದು ಬೈದಳು. ಆಮೇಲೆ ಇನ್ನೊಮ್ಮೆ ನೋಡಿ ನಕ್ಕಳು.

"ಸತ್ತೋರು ಹಿಂಗೆ ಬೈತಾರೇನೆ? ಇರ್ಲಿ ಬಿಡು. ಇದು ನಾನೇ."

ಕಳೆದ ವರ್ಷ ಒಂದು ಮಧ್ಯಾಹ್ನ, ಮೆಣಸಿನಕಾಯಿ ಸೀಳುತ್ತ ಕೂತವಳು ಎದೆ ಹಿಡಿದುಕೊಂಡಳು. ದಾವಣಗೆರೆಯ ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣು ಮುಗಿಸಿದ ಮರುದಿನ ಅವಳ ಅಣ್ಣ ಸ್ಟುಡಿಯೊಗೆ ಬಂದ. ಶ್ರದ್ಧಾಂಜಲಿ ಫ್ಲೆಕ್ಸಿಗೆ ಅದೇ ಫೋಟೊ ಬೇಕು, ಆದರೆ ಬಾಯಿ ಮುಚ್ಚಿಸಿ, ಮುಖ ತಿಳಿ ಮಾಡಿಕೊಡಬೇಕು ಎಂದ.

"ಸತ್ತ ಮೇಲಾದ್ರೂ ಬಾಯಿ ಮುಚ್ಕೊಂಡಿರ್ಲಿ ಬಿಡಮ್ಮ."

ನನಗೆ ಪಿತ್ತ ನೆತ್ತಿಗೇರಿತು.

"ಬದುಕಿದ್ದಾಗ ನಿಮ್ ಕೈಲಿ ಆಗ್ಲಿಲ್ಲ. ಈಗ ನನ್ ಕೈಲಿ ಮುಚ್ಚಿಸಾಕೆ ಬಂದೀರೇನ್ರಿ?"

ಅಷ್ಟು ಗಟ್ಟಿಯಾಗಿ ನಾನು ಅದುವರೆಗೆ ಯಾರ ಮುಂದೆಯೂ ಮಾತಾಡಿದವಳಲ್ಲ. ಅಕ್ಕನ ಪಕ್ಕ ಅಷ್ಟು ವರ್ಷ ಅಂಗಡಿ ಇಟ್ಟುಕೊಂಡಿದ್ದಕ್ಕೆ ಬಂದ ದನಿ ಅದು, ಆ ಋಣ ನನ್ನ ಮೇಲೆ ಯಾವತ್ತೂ ಇರುತ್ತದೆ. ಅವನು ದುರುಗುಟ್ಟಿ ನೋಡಿ ಎದ್ದುಹೋದ. ಅಕ್ಕನ ಮಗಳ ಮೊಬೈಲಿಗೆ ನಾನು ಹಿಂದೆ ಕಳಿಸಿದ್ದ ಫೋಟೊ ತೆಗೆದುಕೊಂಡು ಬೇರೆ ಕಡೆ ತನಗೆ ಬೇಕಾದ ಹಾಗೆ ಮಾಡಿಸಿದನೆಂದು ಆಮೇಲೆ ಗೊತ್ತಾಯಿತು. ನಾನೂ ಹಟಕ್ಕೆ ಬಿದ್ದೆ. ನನ್ನ ಫೋಟೊಗೆ ಫ್ರೇಮು ಹಾಕಿ, ಕಂಕುಳಲ್ಲಿ ಹೊತ್ತುಕೊಂಡೇ ಕಾರ್ಯಕ್ಕೆ ಹೋದೆ.

ಪೆಂಡಾಲಿನಲ್ಲಿ ಅಣ್ಣ ಮಾಡಿಸಿದ ಫ್ಲೆಕ್ಸು ಕಟ್ಟಿತ್ತು. ಯಾರದೋ ತುಟಿ ತಂದು ಅಂಟಿಸಿದ್ದರು, ಮುಖ ಹಿಟ್ಟು ಬಳಿದ ಹಾಗೆ ಬೆಳ್ಳಗಿತ್ತು. ಮಗಳು ಅದರ ಮುಂದೆ ನಿಂತು ನೋಡಿದಳು. ಮಾವನ ಎದುರು ಯಾವತ್ತೂ ತಲೆ ಎತ್ತದ ಹುಡುಗಿ, ಬಂಧುಬಳಗದ ನಡುವೆಯೇ ಕೇಳಿದಳು.

"ಇದ್ಯಾರ ಫೋಟೊ ಮಾವ? ನಮ್ಮವ್ವಂದು ಎಲ್ಲೈತೆ?"

ಮಾವ ಮೆಲ್ಲಗೆ ಮಾತಾಡು ಎಂದ. ಅವಳು ಅದನ್ನೇ ಇನ್ನೂ ಜೋರಾಗಿ ಕೇಳಿದಳು. ನಾನು ಮುಂದೆ ಹೋಗಿ ಫ್ರೇಮನ್ನು ಕುರ್ಚಿಯ ಮೇಲಿಟ್ಟೆ. ಮಗಳು ಫ್ಲೆಕ್ಸಿನ ಮೇಲಿದ್ದ ಹಾರ ಬಿಚ್ಚಿ ತಂದು ಇದಕ್ಕೆ ಹಾಕಿದಳು. ಮಾವನಾಗಲಿ, ಅಲ್ಲಿದ್ದ ಹಿರಿಯರಾಗಲಿ ತುಟಿ ಬಿಚ್ಚಲಿಲ್ಲ. ಅಷ್ಟು ಜನರಲ್ಲಿ ಬಾಯಿ ತೆರೆದಿದ್ದವಳು ಅಕ್ಕ ಒಬ್ಬಳೇ.