ನಿಂತ ಗಡಿಯಾರದ ಕಲ್ಲು

ನನ್ನ ಓರಗಿತ್ತಿ ಜುಮೇರಾ ಲೇಕ್ ಟವರ್ಸ್‌ನಲ್ಲಿ ಫ್ಲಾಟು ಕೊಂಡು ಹಾಲು ಉಕ್ಕಿಸಿದ ದಿನ ನಾನು ಒಯ್ದದ್ದು ತಾಷ್ಕೆಂಟಿನ ಭೂಕಂಪ ಸ್ಮಾರಕದ ಅಂಗೈಯಗಲದ ಪ್ರತಿಕೃತಿ. ಈದ್ ರಜೆಗೆ ಹೋಗಿದ್ದಾಗ ತಂದದ್ದು. ಬಿದ್ದು, ಮತ್ತೆ ಎದ್ದು ಕಟ್ಟಿಕೊಂಡ ಊರು ಅದು. ನಡುವೆ ಸೀಳಿದ ಕಪ್ಪು ಕಲ್ಲು, ಅದರ ಮೇಲೆ ನೆಲ ನಡುಗಿದ ಹೊತ್ತಿಗೆ ನಿಂತ ಗಡಿಯಾರ, ಹಿಂದೆ ಹೆಂಡತಿ ಮಗುವಿಗೆ ಅಡ್ಡ ನಿಂತ ಗಂಡಸು. ಮದುವೆಯ ಉಡುಗೆಯಲ್ಲೇ ಬಂದ ಜೋಡಿಯೊಂದು ಅಲ್ಲಿ ಹೂವಿಡುವುದನ್ನು ನೋಡಿದ್ದೆ. ಹುಡುಗಿ ಬಿಳಿ ಗೌನಿನ ಅಂಚನ್ನು ಎತ್ತಿ ಹಿಡಿದಿದ್ದಳು. ಹೊಸ ಮನೆಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಎಂದುಕೊಂಡೆ.

ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಗಲ್ಫಿಗೆ ಬಂದಿದ್ದ ಅತ್ತೆ ಕಾಗದ ಬಿಚ್ಚಿದರು. ಅವರ ಬೆರಳು ಸೀಳಿನಲ್ಲೇ ನಿಂತಿತು.

“ಇದೆಂತದು ಮಾರಾಯ್ತಿ? ಒಡೆದ ಕಲ್ಲು, ನಿಂತ ಗಡಿಯಾರ. ಒಲೆ ಹಚ್ಚಿದ ದಿನ ತರ್ಲಿಕ್ಕೆ ನಿಂಗೆ ಇದೇ ಸಿಕ್ಕಿದ್ದಾ?”

“ಅಲ್ಲಿ ಮದುಮಕ್ಕಳು ಇದಕ್ಕೆ ಹೂ ಇಡ್ತಾರೆ ಅತ್ತೆ.”

“ಹೂ ಸಮಾಧಿಗೂ ಇಡ್ತಾರೆ.”

ಕೂತವರು ನಕ್ಕರು. ಓರಗಿತ್ತಿ ಶಿರಾ ಬಡಿಸುತ್ತಲೇ, “ಬಿಡಿ ಅತ್ತೆ. ದೇರಾದಲ್ಲಿ ಬಾಡಿಗೆಗೆ ಇರುವವರಿಗೆ ಹೊಸ ಮನೆಯ ಶಾಸ್ತ್ರ ಹೇಗೆ ಗೊತ್ತಾಗ್ಬೇಕು?” ಎಂದಳು.

ಹೊರಡುವಾಗ ಅದು ಬಾಗಿಲಾಚೆ, ಚಪ್ಪಲಿ ಸ್ಟ್ಯಾಂಡಿನ ಮೇಲಿತ್ತು. ಮನೆಗೆ ತಂದು ಟಿವಿ ಪಕ್ಕ ಇಟ್ಟೆ.

ವೀಸಾದ ಉಳಿದ ದಿನಗಳನ್ನು ಅತ್ತೆ ನಮ್ಮಲ್ಲಿ ಕಳೆಯಬೇಕಿತ್ತು. ಅಮ್ಮ ತನ್ನ ಮನೆಯಲ್ಲಿ ಉಳಿಯಬೇಕೆಂಬುದು ನನ್ನವರ ಎಷ್ಟೋ ವರ್ಷದ ಆಸೆ. ಹೊಸ ಹಾಸಿಗೆ ತಂದು, ದಿಂಬಿನ ಪ್ಲಾಸ್ಟಿಕ್ ಕೂಡ ತೆಗೆಯದೆ ಕಾದಿದ್ದರು. ಅಷ್ಟರಲ್ಲಿ ಅತ್ತೆಯ ಫೋನ್ ಬಂತು: ಆ ಕಲ್ಲು ಇರುವಲ್ಲಿಗೆ ನಾನು ಬರುವುದಿಲ್ಲ.

“ಬಿಸಾಡಿದೆ ಅಂತ ಹೇಳು,” ನನ್ನವರು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದರು. “ಒಂದು ಬೊಂಬೆಗೋಸ್ಕರ ಅಮ್ಮನನ್ನು ಬಿಡ್ಲಿಕ್ಕೆ ಆಗ್ತದಾ? ಬಿಸಾಡು, ಖಲಾಸ್.”

ಹಾಲು ಉಕ್ಕಿಸಿದ ದಿನ ಅವರೂ ನಕ್ಕಿದ್ದರು. ನಾನು ನೋಡಿದ್ದೆ.

ತಪ್ಪಿರಲಿ ಬಿಡಲಿ, ಮೊದಲು ಸಾರಿ ಹೇಳಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಮದುವೆಯಾದಂದಿನಿಂದ ಹೇಳುತ್ತಲೇ ಬಂದಿದ್ದೆ. ಫೋನ್ ತೆಗೆದುಕೊಂಡೆ.

“ಬಿಸಾಡಿಲ್ಲ ಅತ್ತೆ. ಬಿಸಾಡುವುದೂ ಇಲ್ಲ. ನಿಮ್ಮ ಹಾಸಿಗೆ ರೆಡಿ ಉಂಟು. ಬರುವುದಾದರೆ ಬನ್ನಿ.”

ಅವರು ಬರಲಿಲ್ಲ. ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಕಾಲು ಮುಟ್ಟಲು ಬಗ್ಗಿದೆ. ಸೀರೆಯ ನೆರಿಗೆಯನ್ನು ಹಿಂದಕ್ಕೆ ಎಳೆದುಕೊಂಡರು. ವಾಪಸು ಬರುವಾಗ ಕಾರಿನಲ್ಲಿ ನನ್ನವರು ರೇಡಿಯೋ ಜೋರು ಮಾಡಿದರು. ಈ ಸಲ ನಾನು ಸಾರಿ ಹೇಳಲಿಲ್ಲ.