ಬೀಜಿಂಗ್‌ಗೆ ಹೊರಟ ಡಾಲರ್ ಅರ್ಜಿ

ಗು ಲಿಂದಿ ಹದಿನೇಳನೆಯ ವಯಸ್ಸಿಗೆ ಶಾಂಘೈನ ಹತ್ತಿ ಗಿರಣಿ ಸೇರಿದವಳು. ಇಪ್ಪತ್ತೆರಡು ವರ್ಷ ಮಗ್ಗಗಳ ಮುಂದೆ ನಡೆದಾಡಿದಳು. ಒಬ್ಬೊಬ್ಬಳ ಪಾಲಿಗೆ ಇಪ್ಪತ್ತನಾಲ್ಕು ಮಗ್ಗ. ಆ ಗದ್ದಲದಲ್ಲಿ ಮಾತು ಕೇಳಿಸದು, ಕಣ್ಣೇ ಎಲ್ಲ. ಎಲ್ಲೋ ಒಂದು ಎಳೆ ಕಡಿದರೆ ಹತ್ತು ಹೆಜ್ಜೆ ದೂರದಿಂದಲೇ ಅವಳಿಗೆ ಗೊತ್ತಾಗುತ್ತಿತ್ತು. ಹೋಗಿ ಕ್ಷಣದಲ್ಲಿ ಗಂಟು ಹಾಕಿ ಮುಂದೆ ನಡೆಯುತ್ತಿದ್ದಳು. ೧೯೯೮ರಲ್ಲಿ ಗಿರಣಿ ಮುಚ್ಚಿತು. ಮೂವತ್ತೊಂಬತ್ತಕ್ಕೆ ಕೆಲಸ ಹೋದ ಲಿಂದಿ, ನದಿಯ ಆಚೆ ದಡದಲ್ಲಿ ಅದೇ ವರ್ಷ ಬಾಗಿಲು ತೆರೆದಿದ್ದ ಒಂದು ಮ್ಯೂಚುವಲ್ ಫಂಡ್ ಕಂಪನಿಯಲ್ಲಿ ನೆಲ ಒರೆಸಲು ಸೇರಿಕೊಂಡಳು.

ನೆಲ ಒರೆಸುತ್ತಿದ್ದವಳು ಕಡತ ಹೊಲಿಯಲು ಕುಳಿತದ್ದು ಆಕಸ್ಮಿಕ. ಒಮ್ಮೆ ಸರ್ಕಾರಕ್ಕೆ ಹೋಗಬೇಕಿದ್ದ ದಪ್ಪ ಅರ್ಜಿಯೊಂದು ಮೂರು ಸಲ ಹೊಲಿದರೂ ಬಿಚ್ಚಿಕೊಳ್ಳುತ್ತಿತ್ತು. ಲಿಂದಿ ಬಕೆಟ್ ಕೆಳಗಿಟ್ಟು, ಕೈ ಒರೆಸಿಕೊಂಡು, "ಕೊಡಿ ಇಲ್ಲಿ" ಎಂದಳು. ಅವಳು ಹಾಕಿದ ಗಂಟನ್ನು ಎಳೆದು ನೋಡಿದ ಆಡಳಿತ ವಿಭಾಗದ ಮುಖ್ಯಸ್ಥ ಕೋ ವೆನ್‌ಬಿಂಗ್, ಮಾರನೆಯ ದಿನದಿಂದ ಅವಳನ್ನು ಕಡತಗಳ ಕೋಣೆಯಲ್ಲಿ ಕೂರಿಸಿದ. ಸಂಬಳ ಸ್ವಲ್ಪ ಏರಿತು. ಆದರೆ ಕಂಪನಿಯ ಕೆಂಪು ಮೊಹರು ಮಾತ್ರ ಕೋ ವೆನ್‌ಬಿಂಗ್‌ನ ಕಬ್ಬಿಣದ ಪೆಟ್ಟಿಗೆಯಲ್ಲೇ ಉಳಿಯಿತು. ಅದನ್ನು ಅವನೇ ತೆಗೆಯಬೇಕು, ಅವನೇ ಒತ್ತಬೇಕು, ಅವನೇ ಒರೆಸಿ ಒಳಗಿಡಬೇಕು. ಒಂಬತ್ತು ವರ್ಷದಲ್ಲಿ ಲಿಂದಿ ಒಮ್ಮೆಯೂ ಅದನ್ನು ಮುಟ್ಟಿದವಳಲ್ಲ.

೨೦೦೭ರ ಬೇಸಿಗೆಯಲ್ಲಿ ಊರಿಗೆ ಊರೇ ಷೇರಿನ ಹುಚ್ಚಿನಲ್ಲಿತ್ತು. ಸೊಪ್ಪು ಮಾರುವವಳೂ ತಕ್ಕಡಿ ಹಿಡಿದುಕೊಂಡೇ ಸೂಚ್ಯಂಕ ಕೇಳುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು: ಇನ್ನು ಮುಂದೆ ಫಂಡ್ ಕಂಪನಿಗಳು ಜನರ ಹಣವನ್ನು ಹೊರದೇಶದ ಷೇರುಗಳಲ್ಲೂ ಹಾಕಬಹುದು. ಆದರೆ ಯಾರು ಎಷ್ಟು ಡಾಲರ್ ಹೊರಗೆ ಒಯ್ಯಬಹುದು ಎಂಬುದನ್ನು ಸರ್ಕಾರ ಅಳೆದು ಕೊಡುತ್ತದೆ.

ಗಿರಣಿಯ ಕಾಲದ ಗೆಳತಿ ಫು ಮೇಫೆನ್ ಓಣಿಯ ನಲ್ಲಿಯ ಬಳಿ ಬಾತುಕೋಳಿಯ ಪುಕ್ಕ ಕೀಳುತ್ತಾ ಕೇಳಿದಳು: "ಅಲ್ವೇ ಲಿಂದಿ, ದುಡ್ಡು ನಮ್ದು, ಕಂಪ್ನಿ ನಿಮ್ದು. ಮಧ್ಯ ಸರ್ಕಾರ ಯಾಕೆ ಅಳೀಬೇಕು?"

"ನಮ್ ಕಾಲದ ಬಟ್ಟೆ ಚೀಟಿ ನೆನಪಿಲ್ವಾ ನಿಂಗೆ? ಕೈಲಿ ಕಾಸಿದ್ರೂ ಚೀಟಿ ಇಲ್ದೆ ಒಂದು ಮೊಳ ಬಟ್ಟೆ ಕೊಡ್ತಿರ್ಲಿಲ್ಲ."

"ಬಟ್ಟೆ ನೇಯೋರು ನಾವೇ, ನಮಗೇ ಚೀಟಿ. ಮರೆಯೋಕಾಗುತ್ತಾ?"

"ಇದೂ ಹಂಗೇ. ಡಾಲರ್ ಚೀಟಿ. ಎಲ್ರೂ ಒಂದೇ ಸಲ ಹೊತ್ಕೊಂಡು ಹೋದ್ರೆ ಮನೆ ಬರಿದಾಗುತ್ತೆ ಅಂತ ಭಯ."

ಮೇಫೆನ್ ಪುಕ್ಕ ಕೊಡವಿದಳು. "ನಿಮ್ ಸಾಹೇಬ್ರುಗಳು ಇಂಗ್ಲಿಷ್‌ನಲ್ಲಿ ಗಂಟೆಗಟ್ಟಲೆ ಹೇಳೋದನ್ನ ಒಂದು ಮಾತಲ್ಲಿ ಹೇಳ್ಬಿಟ್ಟೆ. ನಿನ್ನೇ ಟಿವಿಲಿ ಕೂರಿಸ್ಬೇಕು."

ಸೆಪ್ಟೆಂಬರ್‌ನಲ್ಲಿ ಕಂಪನಿಯ ಅರ್ಜಿ ಸಿದ್ಧವಾಯಿತು. ಇನ್ನೂರ ಹನ್ನೆರಡು ಪುಟ, ಮೂರು ಪ್ರತಿ. ಕೇಳಿದ್ದು ಐವತ್ತು ಕೋಟಿ ಡಾಲರ್. ಆ ಸರದಿಯ ಅರ್ಜಿಗಳನ್ನು ಬೀಜಿಂಗ್‌ನ ಕಚೇರಿ ಶುಕ್ರವಾರ ಹನ್ನೊಂದೂವರೆಯವರೆಗೆ ತೆಗೆದುಕೊಳ್ಳುತ್ತದೆ; ಆಮೇಲೆ ಬಂದವರು ಮುಂದಿನ ಸರದಿಗೆ ಕಾಯಬೇಕು. ಮುಂದಿನ ಸರದಿ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಬುಧವಾರ ಸಂಜೆ ಲಿಂದಿ ಮೂರೂ ಪ್ರತಿಗಳನ್ನು ಹೊಲಿದಳು. ಯಾರೂ ನಡುವೆ ಹಾಳೆ ಬದಲಿಸದಂತೆ, ನಲವತ್ತು ನಲವತ್ತು ಹಾಳೆಗಳ ಅಂಚನ್ನು ಬೀಸಣಿಗೆಯಂತೆ ಬಿಡಿಸಿ, ಎಲ್ಲದರ ಮೇಲೂ ಒಂದೊಂದು ಸೀಳು ಬೀಳುವಂತೆ ಕೋ ಮೊಹರು ಒತ್ತಿದ.

ಗುರುವಾರ ಬೆಳಗ್ಗೆ ಚಂಡಮಾರುತ ಬಂದು ವಿಮಾನಗಳೆಲ್ಲ ನಿಂತವು. ಅರ್ಜಿ ಒಯ್ಯಬೇಕಿದ್ದ ಉಪಾಧ್ಯಕ್ಷರು ಹಾಂಗ್‌ಕಾಂಗ್‌ನಲ್ಲೇ ಸಿಕ್ಕಿಬಿದ್ದರು. ಬೀಜಿಂಗ್‌ಗೆ ಹೋಗುವ ರೈಲುಗಳು ಮಾತ್ರ ಓಡುತ್ತಿದ್ದವು. ಹಗಲು ರೈಲಿನಲ್ಲಿ ಉಳಿದಿದ್ದು ಒಂದೇ ಸೀಟು.

"ಯಾರು ಹೋಗ್ತೀರಿ?" ಎಂದ ಕೋ. ಒಬ್ಬರಿಗೆ ಸಭೆ, ಒಬ್ಬರಿಗೆ ಜ್ವರ. ಲಿಂದಿ ಆಗಲೇ ಕಡತಗಳನ್ನು ಮಳೆಗೆ ನೆನೆಯದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತುತ್ತಿದ್ದಳು.

"ನಾನೇ ಹೋಗ್ತೀನಿ. ಕಿಟಕೀಲಿ ಕೊಟ್ಟು ರಸೀದಿ ತಗೊಳ್ಳೋದು ತಾನೆ?"

ಹುಟ್ಟಿದಾಗಿನಿಂದ ಅವಳು ಬೀಜಿಂಗ್ ನೋಡಿದವಳಲ್ಲ. ರೈಲು ಹೊರಟಾಗ ಅವಳಿಗೆ ಸಂಭ್ರಮವೋ ಸಂಭ್ರಮ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೇ ಚಹಾದಲ್ಲಿ ಬೆಂದ ಮೊಟ್ಟೆ ಸುಲಿದು ತಿಂದಳು. ನಾನ್‌ಜಿಂಗ್ ದಾಟಿದ ಮೇಲೆ ಮಳೆ ಹಿಂದೆ ಉಳಿಯಿತು. ಷೂಝೌ ಹತ್ತಿರ ಬರುವಾಗ, ಒದ್ದೆಯಾಗಿದೆಯೇ ಎಂದು ನೋಡಲು ಕಡತಗಳನ್ನು ಹೊರತೆಗೆದಳು. ಮೊದಲನೆಯದು ಸರಿಯಿತ್ತು. ಎರಡನೆಯದೂ ಸರಿ. ಮೂರನೆಯದರ ಬೆನ್ನ ಮೇಲೆ ಬೆರಳಾಡಿಸಿದವಳ ಕೈ ಅಲ್ಲೇ ನಿಂತಿತು.

ಗಂಟು ಅವಳದಲ್ಲ.

ಅಂಚನ್ನು ಬಿಡಿಸಿದಳು. ಕೆಂಪು ವೃತ್ತ ಹಾಳೆಯಿಂದ ಹಾಳೆಗೆ ಸಾಗುತ್ತಾ ಎಂಬತ್ತೇಳನೆಯ ಪುಟದಲ್ಲಿ ಕಡಿದಿತ್ತು. ಒಂದು ಎಳೆಯಷ್ಟು ಬಿಳಿ. ಬೇರೆ ಯಾರ ಕಣ್ಣಿಗೂ ಬೀಳದಷ್ಟು ಸಣ್ಣದು. ಆದರೆ ಬೀಜಿಂಗ್‌ನ ಕಿಟಕಿಯಲ್ಲಿ ಕೂತವರು ಮೊದಲು ನೋಡುವುದೇ ಅಂಚನ್ನು.

ಲಿಂದಿ ರೈಲು ಬೋಗಿಗಳ ನಡುವಿನ ಬಾಗಿಲ ಬಳಿ ಹೋಗಿ ಕಚೇರಿಗೆ ಫೋನ್ ಮಾಡಿದಳು. ಎತ್ತಿದ್ದು ಲುವಾನ್ ಜಿಂಗ್, ಅರ್ಜಿ ಬರೆದ ತಂಡದ ಹುಡುಗಿ, ಕಾಲೇಜು ಮುಗಿಸಿ ವರ್ಷವಾಗಿರಲಿಲ್ಲ.

"ಎಂಬತ್ತೇಳನೇ ಪುಟ ಯಾರು ಬದಲಾಯಿಸಿದ್ದು?"

"ನಾನೇ ಚಿಕ್ಕಮ್ಮ. ಬೆಳಗ್ಗೆ. ಪ್ರಿಂಟರ್ ಮಸಿ ಮೆತ್ಕೊಂಡು ಅಂಕಿ ಕಾಣ್ತಿರ್ಲಿಲ್ಲ. ಬಿಚ್ಚಿ ಹೊಸ ಹಾಳೆ ಹಾಕಿ ಕಟ್ಟಿದೆ. ಯಾಕೆ?"

"ಮೊಹರು?"

ಹುಡುಗಿಗೆ ಅಳು ಬಂತು. ಅಳುತ್ತಲೇ ಪಿಸುಗುಟ್ಟಿದಳು: "ಚಿಕ್ಕಮ್ಮ, ಒಂದೇ ಒಂದು ಗೆರೆ ಅಲ್ವಾ... ಕೆಂಪು ಪೆನ್ನಲ್ಲಿ ಎಳೆದುಬಿಟ್ರೆ?"

"ಬಾಯ್ಮುಚ್ಚು," ಎಂದಳು ಲಿಂದಿ. ಬೈದದ್ದಲ್ಲ, ಮಗಳಿಗೆ ಹೇಳಿದಂತೆ. "ಗಿರಣೀಲಿ ಒಬ್ಳು ಹಂಗೇ ಕಡಿದ ಎಳೆ ಮೇಲೆ ಬಣ್ಣ ಬಳಿದಿದ್ಲು. ಒಂದೇ ಒಗೆತಕ್ಕೆ ಬಣ್ಣ ಹೋಯ್ತು, ಅವಳ ಕೆಲ್ಸಾನೂ ಹೋಯ್ತು. ಕಣ್ಣೊರೆಸ್ಕೋ, ಕೋ ಸಾಹೇಬ್ರನ್ನ ಕರಿ."

ಕೋ ಮೊದಲು ಗುಡುಗಿದ. ಯಾರ ತಪ್ಪು, ಯಾರನ್ನು ಕೇಳಿ ಬಿಚ್ಚಿದಿರಿ, ಎಲ್ಲರನ್ನೂ ಮನೆಗೆ ಕಳಿಸುತ್ತೇನೆ. ಲಿಂದಿ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಕಾದಳು. ಗುಡುಗು ತಗ್ಗಿದ ಮೇಲೆ ಹೇಳಿದಳು:

"ಸಾಹೇಬ್ರೇ, ಈಗ ನಾಲ್ಕು ಗಂಟೆ. ಏಳಕ್ಕೆ ಅಲ್ಲಿಂದ ಬೀಜಿಂಗ್‌ಗೆ ರೈಲಿದೆ, ಬೆಳಗ್ಗೆ ಏಳಕ್ಕೆ ಬಂದು ಮುಟ್ಟುತ್ತೆ. ಮೊಹರು ತಗೊಂಡು ಬನ್ನಿ."

"ಮೊಹರು ಕಂಪ್ನಿ ಬಿಟ್ಟು ಹೊರಗೆ ಹೋಗೋ ಹಂಗಿಲ್ಲ."

"ಇಬ್ರು ಜೊತೆಗಿದ್ರೆ ಹೋಗ್ಬಹುದು ಅಂತ ನೀವೇ ಬರೆದ ನಿಯಮದಲ್ಲಿದೆ. ಹನ್ನೊಂದನೇ ಕಲಮು. ಆ ನಿಯಮದ ಪುಸ್ತಕ ಹೊಲಿದವಳು ನಾನೇ."

ಆ ಕಡೆಯಿಂದ ಬಂದದ್ದು ಒಂದೇ ಮಾತು: "ಟಿಕೆಟ್ ಸಿಗ್ದಿದ್ರೆ?"

"ನಿಂತ್ಕೊಂಡು ಬನ್ನಿ."

ಐವತ್ತಾರು ವರ್ಷದ ಕೋ ವೆನ್‌ಬಿಂಗ್ ನಿಂತುಕೊಂಡೇ ಬಂದ. ಜೊತೆಗೆ ಲುವಾನ್ ಜಿಂಗ್. ಮೊಹರಿನ ಪುಟ್ಟ ಡಬ್ಬಿಯನ್ನು ಅಂಗಿಯೊಳಗೆ ಕಟ್ಟಿಕೊಂಡಿದ್ದ.

ಶುಕ್ರವಾರ ಆರು ಗಂಟೆಗೇ ಲಿಂದಿ ಬೀಜಿಂಗ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಏಳಾಯಿತು. ಚಂಡಮಾರುತದಿಂದಾಗಿ ರೈಲು ತಡ ಎಂದು ಫಲಕದಲ್ಲಿ ಬಂತು. ಎಂಟು. ಒಂಬತ್ತು. ಸುಮ್ಮನೆ ಕೂತಿರಲು ಅವಳಿಂದಾಗದು. ನಿಲ್ದಾಣದೆದುರಿನ ಬನ್ನಿನ ಅಂಗಡಿಗೆ ಹೋಗಿ, ಯಜಮಾನಿಯನ್ನು ಪುಸಲಾಯಿಸಿ, ಒಂದು ಮೇಜು ಖಾಲಿ ಮಾಡಿಸಿ, ಎಣ್ಣೆಯ ಪಸೆ ಹೋಗುವಂತೆ ಮೂರು ಸಲ ತಾನೇ ಉಜ್ಜಿದಳು.

"ಏನಮ್ಮಾ, ಮದ್ವೆ ಊಟ ಹಾಕಿಸ್ತೀಯಾ ಇದ್ರ ಮೇಲೆ?" ಎಂದಳು ಯಜಮಾನಿ.

"ಐವತ್ತು ಕೋಟಿ ಡಾಲರ್ ಇಡ್ತೀನಿ."

"ಹಂಗಾದ್ರೆ ಬನ್ನಿನ ದುಡ್ಡು ಮೊದ್ಲೇ ಕೊಡು," ಎಂದು ಯಜಮಾನಿ ನಕ್ಕಳು.

ರೈಲು ಬಂದಾಗ ಹತ್ತು ಗಂಟೆ ಐದು ನಿಮಿಷ. ಕೋ ವೆನ್‌ಬಿಂಗ್‌ನ ಕೂದಲು ಕೆದರಿತ್ತು, ಅಂಗಿ ಮುದ್ದೆಯಾಗಿತ್ತು. ಮೂವರೂ ಅಂಗಡಿಗೆ ಓಡಿದರು. ಲಿಂದಿ ನಲವತ್ತು ಹಾಳೆಗಳ ಅಂಚನ್ನು ಒಂದೇ ಸಮನಾಗಿ ಬಿಡಿಸಿ, ಹಳೆಯ ಮೊಹರಿನ ಕೆಳಗೆ ಹೊಸದಕ್ಕೆ ಜಾಗ ತೋರಿಸಿದಳು. ಕೋ ಮೊಹರನ್ನು ಮಸಿಗೆ ಒತ್ತಿ ಮೇಲೆತ್ತಿದ. ಹದಿನೈದು ಗಂಟೆ ನಿಂತ ಮೈ. ಕೈ ಗಡಗಡ ನಡುಗುತ್ತಿತ್ತು. ಇನ್ನೊಂದು ಕೈಯಿಂದ ಹಿಡಿದುಕೊಂಡ. ಆದರೂ ನಡುಕ ನಿಲ್ಲಲಿಲ್ಲ.

ಅವನು ಮೊಹರನ್ನು ಲಿಂದಿಯ ಕಡೆ ಚಾಚಿದ. "ನೀನೇ ಒತ್ತಮ್ಮ."

ಲಿಂದಿ ಅವನ ಮುಖ ನೋಡಿದಳು. ಮೊಹರು ತೆಗೆದುಕೊಂಡಳು. ಎಣಿಸಿದ್ದಕ್ಕಿಂತ ಭಾರವಿತ್ತು. ಉಸಿರು ಬಿಗಿಹಿಡಿದು, ನೇರವಾಗಿ ಇಳಿಸಿ, ಒತ್ತಿ, ಎತ್ತಿದಳು. ಹಾಳೆಯಿಂದ ಹಾಳೆಗೆ ಕೆಂಪು ಗೆರೆ ಎಲ್ಲೂ ಕಡಿಯದೆ ಸಾಗಿತ್ತು. ಲುವಾನ್ ಜಿಂಗ್ ಬಾಗಿ ಊದಿ ಊದಿ ಮಸಿ ಒಣಗಿಸಿದಳು. ಲಿಂದಿ ದಾರ ಪೋಣಿಸಿ ತನ್ನ ಗಂಟು ಹಾಕುವಷ್ಟರಲ್ಲಿ ಹತ್ತೂವರೆ.

ಟ್ಯಾಕ್ಸಿಯ ಸಾಲು ಹನುಮಂತನ ಬಾಲದಂತಿತ್ತು. "ನೆಲದ ಕೆಳಗಿನ ರೈಲು," ಎಂದಳು ಹುಡುಗಿ. ಏಳು ನಿಲ್ದಾಣ. ಅಲ್ಲಿಂದ ಮೇಲೆ ಬಂದು ಮತ್ತೆ ಓಟ. ಕೋ ಪಕ್ಕೆ ಹಿಡಿದುಕೊಂಡು ಹಿಂದೆ ಬಿದ್ದ. ಲಿಂದಿ ಮಾತ್ರ ಚೀಲವನ್ನು ಎದೆಗವಚಿಕೊಂಡು, ಜನರ ನಡುವೆ ಮಗ್ಗಗಳ ಸಂದಿಯಲ್ಲಿ ನುಸುಳಿದಂತೆ ನುಸುಳುತ್ತಾ ಓಡಿದಳು. ಕಚೇರಿಯ ಮೆಟ್ಟಿಲು ಹತ್ತಿದಾಗ ಹನ್ನೊಂದು ಗಂಟೆ ಹತ್ತು ನಿಮಿಷ.

ಕಿಟಕಿಯ ಹಿಂದೆ ಕನ್ನಡಕ ಹಾಕಿದ ಹೆಂಗಸೊಬ್ಬಳು ಮೂರೂ ಪ್ರತಿಗಳ ಅಂಚು ಬಿಡಿಸಿ ನೋಡಿದಳು. ಮೂರನೆಯದಕ್ಕೆ ಬಂದು ನಿಂತಳು.

"ಇಲ್ಲಿ ಯಾಕೆ ಎರಡೆರಡು ಮೊಹರು?"

ಲುವಾನ್ ಜಿಂಗ್ ನೆಲ ನೋಡಿದಳು. ಲಿಂದಿ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು: ಮಸಿ ಮೆತ್ತಿದ್ದು, ಹಾಳೆ ಬದಲಿಸಿದ್ದು, ರೈಲು, ಬನ್ನಿನ ಅಂಗಡಿ.

"ಬನ್ನಿನ ಅಂಗಡೀಲಿ ಒತ್ತಿದ್ರಾ?"

"ಮೇಜು ಮೂರು ಸಲ ಒರೆಸಿದೀನಿ."

ಹೆಂಗಸು ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. "ಹೇಳಿದ್ದನ್ನೆಲ್ಲ ಒಂದು ಹಾಳೇಲಿ ಬರೆದು, ಮೊಹರು ಒತ್ತಿ ಜೊತೆಗಿಡಿ. ಹನ್ನೊಂದೂವರೆಗೆ ಕಿಟಕಿ ಮುಚ್ತೀನಿ."

ಮೊಹರನ್ನು ಕೋ ಮತ್ತೆ ಅಂಗಿಯೊಳಗೆ ಕಟ್ಟಿಕೊಂಡಿದ್ದ, ಅವನು ಇನ್ನೂ ಮೆಟ್ಟಿಲ ಮೇಲಿದ್ದ. ಲುವಾನ್ ಜಿಂಗ್ ಓಡಿಹೋಗಿ ಅವನನ್ನು ತೋಳು ಹಿಡಿದು ಎಳೆದು ತಂದಳು. ಲಿಂದಿ ಹೇಳಿದಳು, ಹುಡುಗಿ ಬರೆದಳು, ಕೋ ಒತ್ತಿದ. ಹನ್ನೊಂದು ಇಪ್ಪತ್ತಾರಕ್ಕೆ ರಸೀದಿ ಕೈಗೆ ಬಂತು. ಮೂವರೂ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು, ಬಹಳ ಹೊತ್ತು ನಕ್ಕರು.

ಮೂರು ವಾರದ ಮೇಲೆ ಮಂಜೂರಾತಿ ಬಂತು. ಕೇಳಿದ್ದು ಐವತ್ತು ಕೋಟಿ, ಸಿಕ್ಕಿದ್ದು ನಲವತ್ತು. ಕಚೇರಿಯಲ್ಲಿ ಜನ ಕುರ್ಚಿಗಳ ಮೇಲೆ ಹತ್ತಿ ಕುಣಿದರು. ಅಧ್ಯಕ್ಷರು ಭಾಷಣ ಮಾಡಿ ಬಹಳ ಜನರಿಗೆ ವಂದನೆ ಹೇಳಿದರು, ಲಿಂದಿಯ ಹೆಸರು ಬರಲಿಲ್ಲ. ಆಗ ಕೋ ಎದ್ದು ನಿಂತ. "ಇನ್ನೊಂದು ಹೆಸರು ಬಿಟ್ಟುಹೋಯ್ತು ಸರ್," ಎಂದು ಶುರುಮಾಡಿ, ತಾನು ನಡುಗಿದ್ದನ್ನೂ ಬಿಡದೆ ಎಲ್ಲವನ್ನೂ ಹೇಳಿದ. ಲಿಂದಿ ಎಲ್ಲಿ ನೋಡಬೇಕೋ ತಿಳಿಯದೆ ಚಹಾದ ಲೋಟಗಳನ್ನು ಎತ್ತತೊಡಗಿದಳು. ಆ ತಿಂಗಳೇ ಅವಳು ಗುತ್ತಿಗೆ ಕೆಲಸದಿಂದ ಕಾಯಂ ನೌಕರಿಗೆ ಬಂದಳು.

ಫಂಡ್ ಮಾರಾಟಕ್ಕೆ ಬಂದ ದಿನ ಬ್ಯಾಂಕ್ ತೆರೆಯುವ ಮೊದಲೇ ಸಾಲು ಬೀದಿಯ ತಿರುವು ದಾಟಿತ್ತು. ಜನ ಮಡಚುವ ಸ್ಟೂಲು, ಸೋಯಾ ಹಾಲಿನ ಫ್ಲಾಸ್ಕು ತಂದಿದ್ದರು. ಸಾಲಿನಲ್ಲಿ ಮೇಫೆನ್ ಕೂಡ ಇದ್ದಳು. ಲಿಂದಿಯನ್ನು ಕಂಡವಳೇ ಪಕ್ಕದವರಿಗೆಲ್ಲ, "ಇವಳೇ ನೋಡ್ರಿ, ನಮ್ಮವಳು, ಅರ್ಜಿ ಹೊತ್ಕೊಂಡು ಓಡಿದ್ದು ಇವಳೇ," ಎಂದು ಸಾರಿದಳು. ಹತ್ತಾರು ಜನ ಸುತ್ತುವರಿದರು. ಅಮೆರಿಕದ ಷೇರು ಎಷ್ಟು ಏರುತ್ತೆ, ಎಷ್ಟು ಹಾಕಬಹುದು.

ಮೇಫೆನ್ ಅವಳನ್ನು ಪಕ್ಕಕ್ಕೆಳೆದಳು. "ಅರವತ್ತು ಸಾವಿರ ಯುವಾನ್ ತಂದಿದೀನಿ. ಮಗನ ಮನೆಗೆ ಅಂತ ಇಟ್ಟಿದ್ದು. ಎಲ್ಲಾ ಹಾಕ್ಬಿಡ್ಲಾ?"

"ನಾನು ಹೊಲಿದದ್ದು ಹೊರಗಿನ ದಾರ ಕಣೇ. ಒಳಗೆ ಬರೆದಿರೋದು ನಿಜ ಆಗುತ್ತೋ ಇಲ್ವೋ ಬರೆದೋರಿಗೂ ಗೊತ್ತಿಲ್ಲ."

"ನಿನ್ ಕಂಪ್ನಿನೇ ನೀನು ನಂಬಲ್ವಾ?"

"ನಂಬ್ತೀನಿ. ನಾನೂ ಐದು ಸಾವಿರ ಹಾಕ್ತಿದೀನಿ. ಹೋದ್ರೆ ಎರಡು ದಿನ ಅತ್ತು ಮೂರನೇ ದಿನ ಮರೆಯೋವಷ್ಟು. ಮಗನ ಮನೆ ಮರೆಯೋಕಾಗುತ್ತಾ ನಿಂಗೆ?"

ಮೇಫೆನ್ ಮುಖ ಗಂಟು ಹಾಕಿಕೊಂಡಳು, ಆದರೆ ಹಾಕಿದ್ದು ಹತ್ತು ಸಾವಿರ ಮಾತ್ರ. ಮುಂದಿನ ವರ್ಷ ಜಗತ್ತಿನ ಷೇರುಪೇಟೆಯೆಲ್ಲ ಕುಸಿದು ಫಂಡಿನ ಬೆಲೆ ಅರ್ಧಕ್ಕೂ ಕೆಳಗಿಳಿಯಿತು. ಮೇಫೆನ್ ಎರಡು ದಿನವಲ್ಲ, ಎರಡು ವಾರ ಗೊಣಗಿದಳು. ಆಮೇಲೆ ಮಗನ ಮನೆಯ ಗೃಹಪ್ರವೇಶಕ್ಕೆ ಲಿಂದಿಯನ್ನೇ ಮೊದಲು ಕರೆದಳು.

ಐವತ್ತಾದಾಗ ಲಿಂದಿ ನಿವೃತ್ತಳಾದಳು. ಮರುವರ್ಷ ಕಂಪನಿ ಮತ್ತೊಮ್ಮೆ ಡಾಲರ್ ಕೇಳಲು ಹೊರಟಿತು. ಈಗ ತಂಡದ ಮುಖ್ಯಸ್ಥೆಯಾಗಿದ್ದ ಲುವಾನ್ ಜಿಂಗ್ ಓಣಿಗೇ ಹುಡುಕಿಕೊಂಡು ಬಂದಳು.

"ಚಿಕ್ಕಮ್ಮ, ಹೊಲಿಯೋಕೆ ಬೇರೆಯೋರಿದಾರೆ. ಆದ್ರೆ ನೀವು ಒಯ್ದು ಕೊಟ್ರೆ ನಮಗೆಲ್ಲ ನಿದ್ದೆ ಬರುತ್ತೆ."

ಲಿಂದಿ ಏಪ್ರನ್ ಬಿಚ್ಚುತ್ತಲೇ ಕೇಳಿದಳು: "ಯಾವತ್ತು? ಕಿಟಕಿ ಪಕ್ಕದ ಸೀಟೇ ಆಗ್ಬೇಕು, ಹೇಳಿದೀನಿ."